ನೀಲಿ ಎಷ್ಟು ಮಾಸಿತು? – ಆಂಟಿಆಕ್ಸಿಡೆಂಟ್ ಅಳೆಯುವ ಹೊಸ ದಾರಿ



ಹಾಲು ಒಡೆಯದಿರಲೆಂದು ಯಾರಾದರೂ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದರೆ ಪ್ರಯೋಗಾಲಯದಲ್ಲಿ ಹೇಗೆ ಗೊತ್ತಾಗುತ್ತದೆ? ಹಸಿ ಹಾಲಿಗೆ ಪ್ಯಾರಾಫಿನೈಲಿನ್ ಡೈಅಮೀನ್ ದ್ರಾವಣದ ಹನಿ ಬಿಟ್ಟರೆ ಅಂಥ ಹಾಲು ನೀಲಿಯಾಗುತ್ತದೆ. ಬಣ್ಣ ಬರಿಸುವುದು ಹಾಲಿನಲ್ಲೇ ಇರುವ ಲ್ಯಾಕ್ಟೋಪೆರಾಕ್ಸಿಡೇಸ್ ಎಂಬ ಕಿಣ್ವ. ಹಾಲು ಕುದಿಸಿದರೆ ಈ ಕಿಣ್ವ ನಾಶವಾಗುತ್ತದೆ, ಬಣ್ಣವೂ ಬರುವುದಿಲ್ಲ.

ಶಾಖಕ್ಕೆ ಕೆಡುವುದು, ಬೆಲೆ ದುಬಾರಿ ಇರುವುದು, ಇವೇ ಕಿಣ್ವಗಳ ತೊಂದರೆ. 2007ರಲ್ಲಿ ಚೀನಾದ ವಿಜ್ಞಾನಿಗಳು ಕಬ್ಬಿಣದ ಆಕ್ಸೈಡಿನ ಅತಿ ಸಣ್ಣ ಕಣಗಳು ಪೆರಾಕ್ಸಿಡೇಸ್ ಮಾಡುವ ಕೆಲಸವನ್ನೇ ಮಾಡುತ್ತವೆ ಎಂದು ತೋರಿಸಿದರು. ಇಂಥ ಕಣಗಳಿಗೆ ನ್ಯಾನೋಜೈಮ್ ಎಂದು ಹೆಸರು. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೋಮೀಟರ್. ಇವುಗಳ ಗಾತ್ರ ಆ ಲೆಕ್ಕದಲ್ಲಿರುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಜಿ. ಮುಗೇಶ್ ಅವರ ತಂಡವೂ 2014ರಲ್ಲಿ ವೆನೇಡಿಯಂ ಆಕ್ಸೈಡಿನ ನ್ಯಾನೋ ಎಳೆಗಳು ಜೀವಕೋಶ ಕಾಯುವ ಕಿಣ್ವವೊಂದರಂತೆ ವರ್ತಿಸುವುದನ್ನು ತೋರಿಸಿತು.

ಆಂಟಿಆಕ್ಸಿಡೆಂಟ್ ಎಂದರೆ, ತುಪ್ಪ–ಎಣ್ಣೆ ಕಮಟು ಹಿಡಿಯುವಂಥ ಕ್ರಿಯೆಯನ್ನು ತಡೆಯುವ ವಸ್ತು. ಅಳೆಯುವುದು ಹೀಗೆ: ಕಬ್ಬಿಣದ ಕಣ, ಪೆರಾಕ್ಸೈಡ್, ಟಿಎಂಬಿ ಎಂಬ ಬಣ್ಣಕಾರಕ ಸೇರಿಸಿದರೆ ಕಡುನೀಲಿ ಬರುತ್ತದೆ. ಅದಕ್ಕೆ ಬಿಳಿಗಿರಿರಂಗನ ಬೆಟ್ಟದ ನೆಲ್ಲಿಕಾಯಿ ರಸ ಹಾಕಿ ನೋಡಿ, ನೀಲಿ ಮಾಸುತ್ತದೆ. ಗೊತ್ತಿರುವ ಪ್ರಮಾಣದ ವಿಟಮಿನ್ ಸಿ ಎಷ್ಟು ಬಣ್ಣ ತೆಗೆಯುತ್ತದೆ ಎಂಬುದಕ್ಕೆ ಹೋಲಿಸಿ ರಸದ ಲೆಕ್ಕ ಹಾಕುತ್ತಾರೆ. ಪಾಲಿಫಿನಾಲ್‌ಗಳು ಹೆಚ್ಚಾಗಿ ಸಿಪ್ಪೆಯಲ್ಲೇ ಇರುವ ರಾಗಿಯನ್ನೂ ಹೀಗೆ ನೋಡಬಹುದು. ಆದರೆ ಇದು ಗಾಜಿನ ನಳಿಕೆಯೊಳಗಿನ ಅಂಕಿ. ಪೊಟ್ಟಣದ ಮೇಲೆ ದೊಡ್ಡ ಅಂಕಿ ಕಂಡ ಮಾತ್ರಕ್ಕೆ ದೇಹಕ್ಕೆ ಅಷ್ಟೇ ಲಾಭ ಎಂದು ನಂಬಬೇಡಿ.

ಹಾಲಿನ ವಿಷಯ ಇಷ್ಟು ಸುಲಭವಲ್ಲ. ಬಿಳಿ ಮಸುಕಿನಲ್ಲಿ ಬಣ್ಣ ತಿಳಿಯದು. ಕೊಬ್ಬು, ಪ್ರೋಟೀನ್ ಬೇರ್ಪಡಿಸಬೇಕು. ವಿಟಮಿನ್ ಇ, ಕ್ಯಾರೋಟಿನ್ ಇರುವುದೇ ಕೊಬ್ಬಿನಲ್ಲಿ, ಅವುಗಳನ್ನು ಪ್ರತ್ಯೇಕವಾಗಿ ತೆಗೆದು ನೋಡಬೇಕು. ಫ್ಯಾಟ್, ಎಸ್‌ಎನ್‌ಎಫ್ ನೋಡಿದಂತೆ ಸಂಘದಲ್ಲಿ ಬೆಳಿಗ್ಗೆ–ಸಂಜೆ ಮಾಡುವ ಪರೀಕ್ಷೆ ಇದಲ್ಲ.

ಅಲ್ಲಿಯವರೆಗೆ ಕಣ್ಣಿಗೆ ಕಾಣುವ ಗುರುತೊಂದಿದೆ. ಹಸುವಿನ ಬೆಣ್ಣೆಯ ಹಳದಿ, ಮೇವಿನ ಕ್ಯಾರೋಟಿನ್‌ನದು. (ಎಮ್ಮೆ ಅದನ್ನು ವಿಟಮಿನ್ ಎ ಮಾಡಿಕೊಳ್ಳುತ್ತದೆ, ಅದಕ್ಕೇ ಅದರ ಬೆಣ್ಣೆ ಬಿಳಿ.) ಹನೂರಿನ ಕಡೆ ಬೇಸಿಗೆಯಲ್ಲಿ ಬರೀ ರಾಗಿ ಹುಲ್ಲು ತಿಂದ ಹಸುವಿನ ಬೆಣ್ಣೆ ಬಿಳಿಚಿದರೆ ಹಸಿರು ಮೇವು ಸಾಲುತ್ತಿಲ್ಲ ಎಂದರ್ಥ. ಕೊಳವೆಬಾವಿಯಲ್ಲಿ ನೀರಿದ್ದವರು ಒಂದೆರಡು ಗುಂಟೆ ಕುದುರೆ ಮಸಾಲೆ, ಮುಸುಕಿನ ಜೋಳ ಹಾಕಿಕೊಳ್ಳಿ. ಹಾಲನ್ನು ತಾಮ್ರದ ಪಾತ್ರೆಯಲ್ಲಾಗಲಿ, ಬಿಸಿಲಲ್ಲಾಗಲಿ ಇಡಬೇಡಿ. ಕೊಬ್ಬು ಬೇಗ ಕೆಟ್ಟು ರುಚಿ ಹೋಗುತ್ತದೆ.