ಲೇತಿಗೆ ಸಿಗದ ಕುದುರೆ

ಬಸವೇಶ್ವರನಗರದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಈ ಮಳೆಗಾಲ ಒಂದು ಚದುರಂಗದ ಸೆಟ್ಟು ಹುಟ್ಟಿತು. 32 ಕಾಯಿಗಳಲ್ಲಿ 28 ಕಾಯಿ ಆರು ಭಾನುವಾರಗಳಲ್ಲಿ ಮುಗಿದವು. ಉಳಿದ ನಾಲ್ಕು ಕುದುರೆಗಳು ಮೂರು ತಿಂಗಳು ತೆಗೆದುಕೊಂಡವು.

ಬಿಳಿ ಕಾಯಿಗೆ ಆಲೆಮರ. ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದರೆ ಸಿಗುವ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವುದು ಇದರಲ್ಲೇ. ದಂತದ ಬಣ್ಣ, ಒತ್ತಾದ ನಾರು, ಉಳಿಗೆ ಹಟ ಮಾಡದ ಮರ. ಕಪ್ಪು ಕಾಯಿಗೆ ಟಿಂಬರ್ ಯಾರ್ಡ್ ಲೇಔಟಿನಲ್ಲಿ ಆರಿಸಿ ತಂದ ಬೀಟೆಯ ತುಂಡುಗಳು.

ಮಾದರಿ ಸ್ಟಾಂಟನ್. 1849ರಲ್ಲಿ ಲಂಡನ್ನಿನಲ್ಲಿ ನಥಾನಿಯಲ್ ಕುಕ್ ನೋಂದಾಯಿಸಿದ, ಜಾಕ್ವೆಸ್ ಕಂಪನಿ ಮಾರಾಟಕ್ಕೆ ತಂದ ಈ ವಿನ್ಯಾಸಕ್ಕೆ ಆಟಗಾರ ಹೊವರ್ಡ್ ಸ್ಟಾಂಟನ್ನನ ಹೆಸರಿದೆ. ಇಂದಿಗೂ ಪಂದ್ಯಗಳಲ್ಲಿ ಇಡುವುದು ಇದನ್ನೇ. ರಾಜನ ಎತ್ತರ ಸುಮಾರು 9.5 ಸೆಂ.ಮೀ. ನಾವು ಆನೆ ಅನ್ನುವ ಕಾಯಿ ಇದರಲ್ಲಿ ಕೋಟೆಯ ಬುರುಜು. ಒಂಟೆ, ತುದಿ ಸೀಳಿದ ಟೋಪಿ. ಎರಡೂ ದುಂಡಗಿವೆ, ಲೇತಿನಲ್ಲಿ ತಿರುಗುತ್ತವೆ. ನಾಲ್ಕು ಪ್ರಾಣಿಮುಖ ಮಾತ್ರ ಉಳಿದಿವೆ. ಚದುರಂಗ ಮಾಡುವವನ ಕೈ ಗೊತ್ತಾಗುವುದು ಅಲ್ಲಿಯೇ ಎಂದು ನನಗೆ ಈಗ ಖಾತ್ರಿಯಾಗಿದೆ.

ಕುದುರೆಯ ಪೀಠವನ್ನು ಲೇತಿನಲ್ಲಿ ಕಡೆಯಬಹುದು, ತಲೆಯನ್ನು ಬೇರೆಯಾಗಿ ಕೆತ್ತಿ ಗೂಟ ಹಾಕಿ ಅಂಟಿಸಬೇಕು. ನಾರು ನೆಟ್ಟಗೆ ನಿಲ್ಲುವಂತೆ ಹಲಗೆ ಇಟ್ಟರೆ ಕಿವಿ, ಕುತ್ತಿಗೆ ಗಟ್ಟಿ. ಮುಂದೆ ಚಾಚಿದ ಮೂತಿಗೆ ಮಾತ್ರ ನಾರು ಅಡ್ಡ ಬೀಳುತ್ತದೆ, ಉಳಿ ಸ್ವಲ್ಪ ಜೋರಾದರೂ ಚಕ್ಕೆ ಎದ್ದುಬರುತ್ತದೆ. ಬೀಟೆಯಲ್ಲಿ ನನ್ನ ಮೊದಲ ಎರಡು ತಲೆಗಳು ಹಾಗೆಯೇ ಹೋದವು. ಮೂರನೆಯದಕ್ಕೆ ಗಲ್ಲದ ಕೆಳಗಿನ ಮರವನ್ನು ಕೊನೆಯವರೆಗೂ ಉಳಿಸಿಕೊಂಡೆ. ವೈಸಿಗೆ ಹಿಡಿತ ಸಿಕ್ಕಿತು, ಮೂತಿಗೆ ಆಸರೆಯೂ ಆಯಿತು.

ಬಣ್ಣದಲ್ಲೂ ಕುದುರೆ ಬೇರೆಯೇ ದಾರಿ ಹಿಡಿಯಿತು. ಚನ್ನಪಟ್ಟಣದವರು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಹತ್ತುತ್ತದೆ, ತಾಳೆಗರಿ ಒತ್ತಿದರೆ ಹೊಳಪು. ತಿರುಗದ ಕುದುರೆಗೆ ಅದು ಆಗದು. ಅದೇ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ತೀಡಿದೆ. ಕೊನೆಗೆ ಸಾಲಾಗಿ ನಿಲ್ಲಿಸಿದಾಗ ಎಲ್ಲ ಕಾಯಿಗಳೂ ಒಂದೇ ಹೊಳಪಿನಲ್ಲಿದ್ದವು.

ಕೆತ್ತುವಾಗೆಲ್ಲ ನೆನಪಾಗುತ್ತಿದ್ದವರು ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಈ ದೊರೆ ಮಣೆಯಾಟಗಳಿಗೆ ಮನಸ್ಸು ಕೊಟ್ಟರು. ಒಂದು ಮನೆಯನ್ನೂ ಎರಡು ಸಲ ಮುಟ್ಟದೆ ಕುದುರೆಯನ್ನು 64 ಮನೆಗಳಲ್ಲೂ ಓಡಿಸುವ ಸಮಸ್ಯೆಗೆ ಅವರು ಬಿಡಿಸಿದ ದಾರಿಗಳು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿವೆ. ಅರಸ ಇಷ್ಟು ಹಚ್ಚಿಕೊಂಡ ಕಾಯಿಯನ್ನು ಅವಸರದಲ್ಲಿ ಕೆತ್ತಲು ನನಗೆ ಮನಸ್ಸಾಗಲಿಲ್ಲ.

ಸೆಟ್ಟು ಮುಗಿದ ರಾತ್ರಿ ಆಟ ಆಡಲಿಲ್ಲ. ಖಾಲಿ ಮಣೆಯ ಮೂಲೆಯಲ್ಲಿ ಬಿಳಿ ಕುದುರೆಯೊಂದನ್ನೇ ಇಟ್ಟು, ಮುಟ್ಟಿದ ಮನೆಗೆಲ್ಲ ಒಂದೊಂದು ಹುಣಸೆಬೀಜ ಹಾಕುತ್ತಾ ಹೊರಟೆ. ಎಂಟು ಮನೆ ಬಾಕಿ ಇದ್ದಾಗ ದಾರಿ ಮುಚ್ಚಿತು. ಮುಂದೆ ಎಲ್ಲಕ್ಕಿಂತ ಕಡಿಮೆ ದಾರಿಯಿರುವ ಮನೆಗೆ ಮೊದಲು ಹೋಗು ಎಂಬ ಉಪಾಯವನ್ನು ವಾರ್ನ್ಸ್‌ಡಾರ್ಫ್ ಎಂಬ ಜರ್ಮನ್ 1823ರಲ್ಲೇ ಹೇಳಿದ್ದಾನೆ. ಬೀಜಗಳನ್ನು ಬಳಿದು ಬಟ್ಟಲಿಗೆ ಹಾಕಿ, ಕುದುರೆಯನ್ನು ಮತ್ತೆ ಮೂಲೆಗೆ ತಂದೆ.