ಅಟ್ಟಿಯ ತಳದಿಂದ ಎಣಿಕೆ ಯಾಕೆ?

ಪ್ರಶ್ನೆ: ಜಾವಾದ ಸ್ಟ್ಯಾಕ್‌ಗೆ ಫಾರ್ ಲೂಪ್ ಹಾಕಿದರೆ ಮೊದಲು ಹಾಕಿದ್ದೇ ಮೊದಲು ಬರುತ್ತದೆ. ಯಾಕೆ?
– ವಿದ್ಯಾರ್ಥಿನಿ, ಸುಳ್ಯ

ಉತ್ತರ: ಪುತ್ತೂರು, ಸುಳ್ಯ, ಕಡಬದ ಕಡೆಯ ಜಂಬ್ರದೂಟಗಳಲ್ಲಿ ಹಾಳೆತಟ್ಟೆಯ ಅಟ್ಟಿ ನೋಡಿದ್ದೀರಲ್ಲ? ಕೊನೆಗೆ ಇಟ್ಟ ತಟ್ಟೆಯೇ ಮೊದಲು ಕೈಗೆ ಸಿಗುತ್ತದೆ. ಸ್ಟ್ಯಾಕ್‌ನ ಪಾಪ್ ಕೂಡ ಹಾಗೆಯೇ. ಆದರೆ 1996ರ ಮೊದಲ ಜಾವಾದಿಂದಲೂ ಸ್ಟ್ಯಾಕ್ ಕ್ಲಾಸು ವೆಕ್ಟರ್ ಕ್ಲಾಸಿನ ಸಂತಾನ. ವೆಕ್ಟರ್ ಎಣಿಸುವುದು ಸೊನ್ನೆಯಿಂದ, ಅಂದರೆ ತಳದಿಂದ. ಆ ಗುಣ ಪಿತ್ರಾರ್ಜಿತವಾಗಿ ಬಂತು. ನನ್ನ ಪ್ರಕಾರ ಇದು ವಿನ್ಯಾಸದ ತಪ್ಪೇ: ಸ್ಟ್ಯಾಕ್ ತನ್ನೊಳಗೆ ವೆಕ್ಟರನ್ನು ಇಟ್ಟುಕೊಳ್ಳಬೇಕಿತ್ತು, ವೆಕ್ಟರೇ ಆಗಬಾರದಿತ್ತು. ಸಿ ಪ್ಲಸ್ ಪ್ಲಸ್‌ನ ಸ್ಟ್ಯಾಕ್‌ಗಂತೂ ಇಟರೇಟರೇ ಇಲ್ಲ, ಹಾಗಾಗಿ ಇಂಥ ಲೂಪ್ ಹಾಕಲು ಬರುವುದೇ ಇಲ್ಲ. ನೀವು ಸ್ಟ್ಯಾಕ್ ಬದಲು ಜಾವಾದ ಅರೇಡೆಕ್ ಕ್ಲಾಸು ಬಳಸಿ. ಅದಕ್ಕೆ ಪುಶ್ ಮಾಡಿದ್ದನ್ನು ಲೂಪ್ ಮೇಲಿನಿಂದ ಕೆಳಕ್ಕೆ ತೋರಿಸುತ್ತದೆ, ಒಂದೂ ಕದಲುವುದಿಲ್ಲ.