ನಾಳಿನ ಲೆಕ್ಕ ನಾಳೆಗೆ

1922ರ ಜನವರಿ 11. ಕೆನಡಾದ ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದ ಲೆನಾರ್ಡ್ ಥಾಮ್ಸನ್ ಎಂಬ ಹುಡುಗ ಎಲುಬಿನ ಹಂದರವಾಗಿ ಮಲಗಿದ್ದ. ಮಧುಮೇಹ ಬಂದ ಮಕ್ಕಳು ಬಹುಕಾಲ ಬದುಕದಿದ್ದ ದಿನಗಳವು. ಅಂದು ಕೊಟ್ಟ ಚುಚ್ಚುಮದ್ದು ಫಲಿಸಲಿಲ್ಲ. ಜೇಮ್ಸ್ ಕಾಲಿಪ್ ಅದೇ ಸಾರವನ್ನು ಶುದ್ಧೀಕರಿಸಿದ ಮೇಲೆ, ಜನವರಿ 23ರಂದು ಮತ್ತೆ ಕೊಟ್ಟರು. ಹುಡುಗ ಚೇತರಿಸಿಕೊಂಡ. ಆ ಔಷಧವೇ ಇನ್ಸುಲಿನ್.

ಪಠ್ಯಪುಸ್ತಕದಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ರೋಗಿಯ ಕಥೆ ಶುರುವಾಗುವುದು ಇಲ್ಲಿಂದಲೇ. ಇನ್ಸುಲಿನ್ ಜೀವ ಉಳಿಸಿತೇ ಹೊರತು ರೋಗವನ್ನು ವಾಸಿಮಾಡಲಿಲ್ಲ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಒಂದನೇ ಬಗೆಯ ಮಧುಮೇಹ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ, ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಮಾಡುತ್ತದೆ. ಇದು ಸಿಹಿ ತಿಂದು ಬರುವ ಕಾಯಿಲೆಯಲ್ಲ; ಅಂಟುರೋಗವೂ ಅಲ್ಲ; ತಂದೆತಾಯಿಯರ ತಪ್ಪೂ ಅಲ್ಲ.

ಅಂಕಿ ಅಂಕವಲ್ಲ

ಆರೋಗ್ಯವಂತರಲ್ಲಿ ಈ ಗ್ರಂಥಿ ಕ್ಷಣಕ್ಷಣಕ್ಕೂ ಅಳೆದು ಇನ್ಸುಲಿನ್ ಸುರಿಸುತ್ತದೆ. ಈ ಮಕ್ಕಳಿಗೆ ಅದೇ ಕೆಲಸವನ್ನು ಹೊರಗಿನಿಂದ ಅಂದಾಜಿನ ಮೇಲೆ ಮಾಡಬೇಕು. ನಿನ್ನೆಯಷ್ಟೇ ಇಡ್ಲಿ, ನಿನ್ನೆಯಷ್ಟೇ ಇನ್ಸುಲಿನ್. ಆದರೂ ಇಂದಿನ ಸಕ್ಕರೆ ಪ್ರಮಾಣ ಬೇರೆ. ಸಂಜೆ ಕಬಡ್ಡಿ ಆಡಿದರೆ ರಾತ್ರಿ ಇಳಿಯಬಹುದು. ಜ್ವರ ಬಂದರೆ ಏರುತ್ತದೆ. ಹರೆಯದ ಹಾರ್ಮೋನುಗಳು ಇನ್ಸುಲಿನ್ನಿಗೆ ಅಡ್ಡಬರುತ್ತವೆ. ಹೊಟ್ಟೆಗೆ ಚುಚ್ಚಿದ್ದು ತೊಡೆಗೆ ಚುಚ್ಚಿದ್ದಕ್ಕಿಂತ ಬೇಗ ರಕ್ತ ಸೇರುತ್ತದೆ. ಆದ್ದರಿಂದ ಮೀಟರಿನ ಅಂಕಿ ಪರೀಕ್ಷೆಯ ಅಂಕವಲ್ಲ. 'ಇಷ್ಟೊಂದು ಯಾಕೆ ಬಂತು?' ಎಂದು ಗದರುವ ಮನೆಯಲ್ಲಿ ಮಗು ಅದನ್ನು ಬಚ್ಚಿಡಲು ಕಲಿಯುತ್ತದೆ.

ಮೋಸದ ಬಿಡುವು

ಚಿಕಿತ್ಸೆಯ ಮೊದಲ ತಿಂಗಳುಗಳಲ್ಲಿ, ಅಳಿದುಳಿದ ಬೀಟಾ ಕೋಶಗಳು ಚೇತರಿಸಿಕೊಂಡು, ಕೆಲವು ಮಕ್ಕಳಿಗೆ ಇನ್ಸುಲಿನ್ ತೀರ ಕಡಿಮೆ ಸಾಕಾಗುತ್ತದೆ. ವೈದ್ಯರು ಇದನ್ನು 'ಹನಿಮೂನ್ ಹಂತ' ಎನ್ನುತ್ತಾರೆ. ಇದು ತಾತ್ಕಾಲಿಕ. 'ವಾಸಿಯಾಯಿತು' ಎಂದು ಹರಕೆ ತೀರಿಸಿ, ಯಾರೋ ಹೇಳಿದ ಬೇರುನಾರು ನಂಬಿ ಚುಚ್ಚುಮದ್ದು ನಿಲ್ಲಿಸಿದರೆ, ರಕ್ತದಲ್ಲಿ ಕೀಟೋನ್ ಆಮ್ಲಗಳು ಶೇಖರವಾಗಿ ಜೀವಕ್ಕೇ ಸಂಚಕಾರ. 'ನಾಳೆ ಹೇಗೋ' ಎಂಬ ಚಿಂತೆಯಿಂದ ಬಳಲಿದ ಮನಸ್ಸು ಸುಳ್ಳು ಭರವಸೆಗೆ ಸುಲಭವಾಗಿ ಸೋಲುತ್ತದೆ.

ಸಹಪಾಠಿಗಳಿಗೂ ಒಂದು ಹೊಣೆಯಿದೆ. ಇಂಥ ಗೆಳೆಯ ತರಗತಿಯಲ್ಲಿ ಬೆವರಿ, ನಡುಗಿ, ತಬ್ಬಿಬ್ಬಾದರೆ ಸಕ್ಕರೆ ಇಳಿದಿರಬಹುದು. ಕೂಡಲೇ ಶಿಕ್ಷಕರಿಗೆ ತಿಳಿಸಬೇಕು. ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

1922ರ ಆಗಸ್ಟ್‌ನಲ್ಲಿ ಅಮೆರಿಕದ ಎಲಿಜಬೆತ್ ಹ್ಯೂಸ್ ಎಂಬ ಬಾಲಕಿ ಟೊರಾಂಟೊಗೆ ಬಂದಳು. ಮೂರು ವರ್ಷದ ಉಪವಾಸ ಚಿಕಿತ್ಸೆಯಿಂದ ಅವಳ ತೂಕ ಸುಮಾರು 20 ಕಿಲೋಗ್ರಾಮಿಗೆ ಇಳಿದಿತ್ತು. ಫ್ರೆಡರಿಕ್ ಬ್ಯಾಂಟಿಂಗ್ ಅವಳಿಗೆ ಇನ್ಸುಲಿನ್ ಕೊಟ್ಟರು. ಮುಂದೆ ಓದಿ, ಮದುವೆಯಾಗಿ, ಮಕ್ಕಳನ್ನು ಬೆಳೆಸಿ ಆಕೆ 1981ರವರೆಗೆ ಬದುಕಿದರು. ನಾಳಿನ ಸಕ್ಕರೆ ಎಷ್ಟಿರುತ್ತದೆಂದು ಅವರಿಗೆ ಯಾವ ದಿನವೂ ಗೊತ್ತಿರಲಿಲ್ಲ. ಇಂದು ಎಷ್ಟಿದೆಯೆಂದು ಅಳೆದು, ಇಂದಿನ ಮದ್ದು ತೆಗೆದುಕೊಳ್ಳುವುದಷ್ಟೇ ಅವರ ಕೈಯಲ್ಲಿತ್ತು. ಐವತ್ತೆಂಟು ವರ್ಷಕ್ಕೆ ಅಷ್ಟೇ ಸಾಕಾಯಿತು.